ಕಾಫಿ ದುಡ್ಡಲ್ಲಿ ಯುಕೆಗೆ ಓದೋಕೆ ಹೋಗೋರು ಬ್ಯಾಂಕ್ ಅಕೌಂಟಿಂದ ಶುರು ಮಾಡಿ

ಗೋಣಿಕೊಪ್ಪ, ವಿರಾಜಪೇಟೆ ಕಡೆ ಮಕ್ಕಳು ನನ್ನ ಹತ್ರ ಮೊದಲು ಕೇಳೋದು ಯಾವ ಯೂನಿವರ್ಸಿಟಿ ಒಳ್ಳೇದು, ಐಇಎಲ್‌ಟಿಎಸ್ ಎಷ್ಟು ಬೇಕು ಅಂತ. ಅದೂ ಬೇಕು, ಆದ್ರೆ ನಮ್ಮವರು ಒದ್ದಾಡೋದು ಅದ್ರಲ್ಲಿ ಅಲ್ಲ, ವೀಸಾಗೆ ದುಡ್ಡು ತೋರಿಸೋವಾಗ. ಅದಕ್ಕೆ ಅದನ್ನೇ ಜಾಸ್ತಿ ಬರೀತೀನಿ.

ಅಪ್ಲಿಕೇಶನ್ ಕಷ್ಟ ಇಲ್ಲ. ಪಿಯುಸಿ ಆದ್ಮೇಲೆ ಡಿಗ್ರಿಗಾದ್ರೆ ಯುಕಾಸ್ (ಅಲ್ಲಿನ ಯೂನಿವರ್ಸಿಟಿಗಳಿಗೆ ಒಟ್ಟಿಗೆ ಅಪ್ಲಿಕೇಶನ್ ಹಾಕೋ ವೆಬ್‌ಸೈಟ್) ಮೂಲಕ, ಮಾಸ್ಟರ್ಸ್‌ಗಾದ್ರೆ ಹೆಚ್ಚಾಗಿ ಯೂನಿವರ್ಸಿಟಿ ವೆಬ್‌ಸೈಟಲ್ಲೇ ನೇರವಾಗಿ ಹಾಕ್ಬಹುದು. ಮುಂದಿನ ಸೆಪ್ಟೆಂಬರ್‌ಗೆ ಹೋಗೋದಾದ್ರೆ ಈ ಅಕ್ಟೋಬರ್‌ಗೇ ಶುರು ಮಾಡಿ. ಪಿಯುಸಿ ಇಂಗ್ಲಿಷ್ ಮಾರ್ಕ್ಸ್ ಚೆನ್ನಾಗಿದ್ರೆ ಐಇಎಲ್‌ಟಿಎಸ್ ಕೇಳದೆ ತಗೊಳ್ಳೋ ಯೂನಿವರ್ಸಿಟಿಗಳೂ ಇವೆ, ಪರೀಕ್ಷೆಗೆ ದುಡ್ಡು ಕಟ್ಟೋ ಮುಂಚೆ ಒಂದು ಈಮೇಲ್ ಹಾಕಿ ಕೇಳ್ಕೊಳ್ಳಿ. ಟ್ರಾನ್ಸ್‌ಕ್ರಿಪ್ಟ್, ಅಂದ್ರೆ ಡಿಗ್ರಿಯ ಎಲ್ಲಾ ಮಾರ್ಕ್ಸ್ ಇರೋ ಯೂನಿವರ್ಸಿಟಿ ಪತ್ರ, ಮಾತ್ರ ಬೇಗ ತರಿಸಿ. ಕೊಡಗು ಯೂನಿವರ್ಸಿಟಿ ಬಂದಿದ್ದು 2023ರಲ್ಲಿ, ಅದಕ್ಕೂ ಮುಂಚೆ ಇಲ್ಲಿ ಮಂಗಳೂರು ಯೂನಿವರ್ಸಿಟಿ ಕೆಳಗೆ ಓದಿ ಮುಗಿಸಿದೋರು ಆ ಯೂನಿವರ್ಸಿಟಿ ಇರೋ ಕೊಣಾಜೆಗೇ ಹೋಗ್ಬೇಕು.

ಆಫರ್ ಬಂದು ಡೆಪಾಸಿಟ್ ಕಟ್ಟಿದ್ಮೇಲೆ ಯೂನಿವರ್ಸಿಟಿ ಕ್ಯಾಸ್ ಅಂತ ಒಂದು ನಂಬರ್ ಕೊಡುತ್ತೆ, ಅದಿಲ್ದೆ ವೀಸಾಗೆ ಹಾಕೋಕಾಗಲ್ಲ. ಈಗ ದುಡ್ಡಿನ ವಿಷ್ಯ. ಮೊದಲ ವರ್ಷದ ಫೀಸಲ್ಲಿ ಕಟ್ಟೋಕೆ ಬಾಕಿ ಇರೋದಷ್ಟೂ, ಅದ್ರ ಜೊತೆ 9 ತಿಂಗಳ ಖರ್ಚು ತೋರಿಸ್ಬೇಕು. 2025ರ ನವೆಂಬರಿಂದ ಈ ಖರ್ಚು ಲಂಡನ್ ಆದ್ರೆ ತಿಂಗಳಿಗೆ 1,529 ಪೌಂಡ್, ಲಂಡನ್ ಹೊರಗೆ 1,171. ಅಂದ್ರೆ ಹೊರಗಿನ ಊರಿಗೇ 10,539 ಪೌಂಡ್ ಆಯ್ತು. ಈ ದುಡ್ಡು ಸತತ 28 ದಿನ ಅಕೌಂಟಲ್ಲಿ ಇರ್ಬೇಕು, ಒಂದೇ ಒಂದು ದಿನ ಕಮ್ಮಿ ಆದ್ರೂ ಲೆಕ್ಕ ಮತ್ತೆ ಒಂದರಿಂದ. ಆ 28 ದಿನ ಮುಗಿದ ತಾರೀಕು ವೀಸಾ ಅಪ್ಲಿಕೇಶನ್‌ಗಿಂತ 31 ದಿನಕ್ಕಿಂತ ಹಳೇದಾಗಿರ್ಬಾರ್ದು, ಹಾಗಾಗಿ ಅಪ್ಲಿಕೇಶನ್ ಹಾಕೋ ತನಕ ಮುಟ್ಟಲೇಬೇಡಿ.

ನನ್ನ ತಮ್ಮನ ಟೈಮಲ್ಲಿ ಆಗಿದ್ದು ಹೇಳ್ತೀನಿ. ಕಾಫಿ ಮಾರಿದ ದುಡ್ಡು ಅಪ್ಪನ ಅಕೌಂಟಲ್ಲಿತ್ತು, 19ನೇ ದಿನ ಶನಿವಾರ ಬಂತು, ಅಪ್ಪ ಯಾವತ್ತಿನ ಹಾಗೆ ಆಳುಗಳ ಬಟವಾಡೆಗೆ ಅದೇ ಅಕೌಂಟಿಂದ ದುಡ್ಡು ತೆಗೆದ್ರು, ಅಷ್ಟೇ, ಬೇಕಾದ್ದಕ್ಕಿಂತ ಕಮ್ಮಿ ಆಯ್ತು. ವೀಸಾಗೆ ಹಾಕೋ ಮುಂಚೆ ಸ್ಟೇಟ್‌ಮೆಂಟ್ ನೋಡಿದ್ದಕ್ಕೆ ಗೊತ್ತಾಯ್ತು, ಇಲ್ಲದಿದ್ರೆ ರಿಫ್ಯೂಸ್ ಆಗ್ತಿತ್ತು, ಆದ್ರೂ ಮತ್ತೆ 28 ದಿನ ಕಾಯ್ಬೇಕಾಗಿ ಕೊನೆಗೆ ಕ್ಲಾಸ್ ಶುರುವಾಗೋಕೆ ಎರಡು ದಿನ ಇರೋವಾಗ ವೀಸಾ ಬಂತು. ತೋಟದ ಖರ್ಚಿನ ಅಕೌಂಟೇ ಬೇರೆ, ಇದೇ ಬೇರೆ ಇಡಿ ದಯವಿಟ್ಟು. ಸ್ವಲ್ಪ ಜಾಸ್ತಿನೇ ಇಡಿ, ಪೌಂಡ್ ರೇಟ್ ಏರಿದ್ರೂ ತೊಂದ್ರೆ ಆಗ್ಬಾರ್ದು.

ಅಕೌಂಟು ನಿಮ್ಮದು ಇಲ್ಲಾ ಅಪ್ಪ ಅಮ್ಮಂದೇ ಆಗಿರ್ಬೇಕು. ದೊಡ್ಡಪ್ಪ, ಮಾವ, ಅಜ್ಜನ ಅಕೌಂಟ್ ನಡೆಯಲ್ಲ, ಅವರು ಕೊಡೋದಾದ್ರೆ 28 ದಿನ ಶುರುವಾಗೋ ಮುಂಚೆನೇ ನಿಮ್ಮ ಅಕೌಂಟಿಗೆ ಹಾಕಿಸ್ಕೊಳ್ಳಿ. ಅಪ್ಪ ಅಮ್ಮನ ಅಕೌಂಟಾದ್ರೆ ನಿಮ್ಮ ಬರ್ತ್ ಸರ್ಟಿಫಿಕೇಟು, ಅವರ ಒಪ್ಪಿಗೆ ಪತ್ರ ಬೇಕು. ನಮ್ಮಲ್ಲಿ ಒಂದ್ರಲ್ಲಿ ಮನೆ ಹೆಸರು ಪೂರ್ತಿ ಇರುತ್ತೆ, ಇನ್ನೊಂದ್ರಲ್ಲಿ ಬರೀ ಇನಿಶಿಯಲ್, ಹಾಗಾಗಿ ಪಾಸ್‌ಪೋರ್ಟ್, ಮಾರ್ಕ್ಸ್‌ಕಾರ್ಡ್, ಬರ್ತ್ ಸರ್ಟಿಫಿಕೇಟ್ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ರೆ ಈಗ್ಲೇ ಸರಿ ಮಾಡಿಸಿ.

ತೋಟ ಎಷ್ಟೇ ಎಕರೆ ಇರ್ಲಿ, ಗೋಡೌನಲ್ಲಿ ಎಷ್ಟೇ ಮೂಟೆ ಕಾಫಿ ಇರ್ಲಿ, ವೀಸಾದವರಿಗೆ ಅದು ದುಡ್ಡಲ್ಲ. ಎಜುಕೇಶನ್ ಲೋನ್ ಆದ್ರೆ ನಿಮ್ಮ ಹೆಸರಲ್ಲಿರೋ ಬ್ಯಾಂಕ್ ಲೆಟರ್ ಸಾಕು, ಅದಕ್ಕೆ 28 ದಿನದ ರೂಲ್ ಇಲ್ಲ, ಲೆಟರ್ 6 ತಿಂಗಳೊಳಗಿನದ್ದಾಗಿರ್ಬೇಕು. ಆದ್ರೆ ಜಮ್ಮಾ ಜಾಗ (ಕೊಡಗಲ್ಲಿ ತಲೆತಲಾಂತರದಿಂದ ಬಂದ ಕುಟುಂಬದ ಜಮೀನು) ಅಡ ಇಟ್ಟು ಲೋನ್ ತೆಗೀತೀವಿ ಅಂದ್ಕೊಂಡಿದ್ರೆ ಒಂದು ವರ್ಷ ಮುಂಚೆ ಬ್ಯಾಂಕಿಗೆ ಹೋಗಿ ಕೇಳಿ, ಆರ್‌ಟಿಸಿಯಲ್ಲಿ ಒಕ್ಕದವರ, ಅಂದ್ರೆ ಇಡೀ ಕುಟುಂಬದವರ, ಹೆಸರೆಲ್ಲ ಇದ್ರೆ ಸಹಿ ಕೂಡಿಸೋದ್ರಲ್ಲೇ ತಿಂಗಳು ಕಳೆಯುತ್ತೆ.

ಇನ್ನು ಮಳೆ. ಕ್ಯಾಸ್ ಬರೋದು ಹೆಚ್ಚಾಗಿ ಜೂನ್ ಜುಲೈಯಲ್ಲಿ, ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡೂ ಹೋಗೋ ಟೈಮು, 2018ರ ಆಗಸ್ಟಲ್ಲಿ ರಸ್ತೆಗಳೇ ಹೋಗಿದ್ದು ಯಾರೂ ಮರ್ತಿಲ್ಲ. ವೀಸಾಗೆ ಬೇಕಾದ ಟಿಬಿ ಟೆಸ್ಟ್ ಯುಕೆ ಸರ್ಕಾರ ಒಪ್ಪಿದ ಕ್ಲಿನಿಕಲ್ಲೇ ಆಗ್ಬೇಕು, ಬೆಂಗಳೂರಲ್ಲಿ ಇದೆ, ಸರ್ಟಿಫಿಕೇಟ್ 6 ತಿಂಗಳು ನಡೆಯುತ್ತೆ, ಮೇ ತಿಂಗಳಲ್ಲೇ ಮುಗಿಸಿ ಬನ್ನಿ. ವೀಸಾಗೆ ಬೆರಳಚ್ಚು ಕೊಡೋಕೆ ಮತ್ತೆ ಬೆಂಗಳೂರಿಗೆ ಹೋಗ್ಬೇಕು, ಹಿಂದಿನ ದಿನಾನೇ ಅಲ್ಲಿರಿ. ರಿಸಲ್ಟಿಗೆ ಸುಮಾರು 3 ವಾರ. ವೀಸಾ ಫೀಸಲ್ಲದೆ ಅಲ್ಲಿನ ಸರ್ಕಾರಿ ಆಸ್ಪತ್ರೆಗೆ ಅಂತ ವರ್ಷಕ್ಕೆ 776 ಪೌಂಡ್ ಮೊದ್ಲೇ ಕಟ್ಬೇಕು, ಒಂದು ವರ್ಷದ ಮಾಸ್ಟರ್ಸಿಗೂ ವೀಸಾ ವರ್ಷಕ್ಕಿಂತ ಜಾಸ್ತಿ ಕೊಡೋದ್ರಿಂದ ಸಾಮಾನ್ಯವಾಗಿ 1,164 ಆಗುತ್ತೆ.

ಅಲ್ಲಿ ಕೆಲ್ಸ ಮಾಡಿ ಫೀಸ್ ಕಟ್ತೀನಿ ಅನ್ನೋ ಲೆಕ್ಕ ಬೇಡ. ಕ್ಲಾಸ್ ಇರೋವಾಗ ವಾರಕ್ಕೆ 20 ಗಂಟೆ ಅಷ್ಟೇ. ಓದು ಮುಗಿದ್ಮೇಲೆ ಕೆಲ್ಸ ಹುಡುಕೋಕೆ ಸಿಗ್ತಿದ್ದ 2 ವರ್ಷ, 2027ರ ಜನವರಿ 1ರಿಂದ ಅಪ್ಲೈ ಮಾಡೋರಿಗೆ 18 ತಿಂಗಳು, ಪಿಎಚ್‌ಡಿಯವರಿಗೆ ಮಾತ್ರ 3 ವರ್ಷ.

ಪ್ಯಾಕಿಂಗ್ ಮಾಡೋವಾಗ ಅಮ್ಮಂದಿರಿಗೆ ಮುಂಚೆನೇ ಹೇಳ್ಬಿಡಿ, ಪಂದಿಕರಿ (ಹಂದಿ ಮಾಂಸದ ಸಾರು), ಒಣ ಮಾಂಸ, ತುಪ್ಪ ಇದ್ಯಾವ್ದೂ ಒಳಗೆ ಬಿಡಲ್ಲ, ಮಾಂಸ ಮತ್ತೆ ಹಾಲಿನ ಪದಾರ್ಥ ನಮ್ಮ ದೇಶದಿಂದ ತಗೊಂಡು ಹೋಗೋ ಹಾಗಿಲ್ಲ. ಕಾಫಿಪುಡಿ, ಕರಿಮೆಣಸು ತಗೊಂಡು ಹೋಗಿ. ಕಾಚಂಪುಳಿ (ನಮ್ಮ ಅಡುಗೆಗೆ ಹಾಕೋ ಕಪ್ಪು ಹುಳಿ) ಬಾಟಲಿ ಚೆನ್ನಾಗಿ ಸುತ್ತಿ ದೊಡ್ಡ ಬ್ಯಾಗಿಗೆ ಹಾಕಿ, ಕೈ ಬ್ಯಾಗಲ್ಲಿಟ್ರೆ ಏರ್‌ಪೋರ್ಟಲ್ಲೇ ತೆಗೆದಿಟ್ಕೊಳ್ತಾರೆ.