ಮಳೆಗೆ ಮೊದಲು ಸೂರು

ಮಲೆನಾಡಿನ ಹೊಸನಗರದ ಕಡೆ ಇಪ್ಪತ್ತು ವರ್ಷದಿಂದ ಮೇಸ್ತ್ರಿ ಕೆಲಸ ಮಾಡುತ್ತಿದ್ದೇನೆ. ಸರ್ಕಾರದ ಮನೆಗಳನ್ನೇ ಜಾಸ್ತಿ ಕಟ್ಟಿದ್ದೇನೆ. ಆಶ್ರಯ, ಬಸವ ವಸತಿ, ಈಗ ಪ್ರಧಾನಮಂತ್ರಿ ಆವಾಸ್. ಹೆಸರು ಬದಲಾದರೂ ನಮ್ಮ ಕಡೆ ಕಷ್ಟ ಒಂದೇ. ಹಣ ಬರುವ ಹೊತ್ತಿಗೆ ಮಳೆಯೂ ಬಂದಿರುತ್ತದೆ.

ಆವಾಸ್ ಮನೆಗೆ 1,20,000 ರೂಪಾಯಿ, ಜೊತೆಗೆ ಉದ್ಯೋಗ ಖಾತ್ರಿಯಲ್ಲಿ 90 ದಿನದ ಕೂಲಿ. ಹಣ ಒಟ್ಟಿಗೆ ಸಿಗುವುದಿಲ್ಲ. ಹಂತ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ಹಾಕಿದ ಮೇಲೆ ಕಂತು ಖಾತೆಗೆ ಬರುತ್ತದೆ. ಬಯಲುಸೀಮೆಗೆ ಇದು ಸರಿ. ಇಲ್ಲಿ ಗೋಡೆ ಎದ್ದು, ಮಾಡು ಇಲ್ಲದೆ ಜೂನ್ ಬಂದರೆ ಮುಗೀತು. ಒಂದು ವರ್ಷ ಹಾಗೇ ಆಯಿತು. ಆ ಮನೆಯವರು ಮಳೆಗಾಲ ಪೂರ್ತಿ ಟಾರ್ಪಾಲಿನ ಅಡಿ ಕಳೆದರು. ಅದು ಇನ್ನೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಆಮೇಲೆ ಒಬ್ಬ ಅಜ್ಜಿಗೆ ಮನೆ ಕಟ್ಟುವಾಗ ಕ್ರಮ ಬದಲಿಸಿದೆ. ಅವರದು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿದ ಕುಟುಂಬ. 1964ರಲ್ಲಿ ಅಣೆಕಟ್ಟು ಮುಗಿದಾಗ ಅವರು ಇನ್ನೂ ಹುಡುಗಿ. ಸ್ವಾತಂತ್ರ್ಯ ಬಂದು ಹದಿನೇಳು ವರ್ಷ, ನಾಡಿಗೆಲ್ಲ ಕರೆಂಟು ಬೇಕಿತ್ತು, ಇವರು ಮನೆ ಬಿಟ್ಟರು. ಹೊಸ ಜಾಗಕ್ಕೆ ಹಕ್ಕುಪತ್ರ ಸಿಗುವಷ್ಟರಲ್ಲಿ ಕೂದಲು ನೆರೆದಿತ್ತು. ಪತ್ರ ಇಲ್ಲದೆ ಮನೆ ಮಂಜೂರಾಗುವುದಿಲ್ಲ, ಅಲ್ವಾ? "ಈ ಮಳೆಗಾಲ ಒಳಗೇ ಕೂತು ನೋಡ್ಬೇಕು ಮಾರಾಯ" ಅಂದರು.

ದೀಪಾವಳಿ ಕಳೆದ ವಾರವೇ ಪಾಯ ತೋಡಿದೆ. ಮೊದಲ ಕಂತಿಗೆ ಕಾಯಲಿಲ್ಲ, ಅವರ ಸೊಸೆ ಸಂಘದಲ್ಲಿ ಸಾಲ ಎತ್ತಿದರು. ಜಂಬಿಟ್ಟಿಗೆಯನ್ನು, ಅಂದರೆ ಕಡಿದು ತೆಗೆದ ಕೆಂಪು ಮುರಕಲ್ಲನ್ನು, ಬೇಗ ತರಿಸಿ ಬಿಸಿಲಿಗೆ ಬಿಟ್ಟೆ, ಗಾಳಿ ಬಿಸಿಲು ತಾಗಿದಷ್ಟೂ ಅದು ಗಟ್ಟಿಯಾಗುತ್ತದೆ. ಪಾಯ ಎರಡೂವರೆ ಅಡಿ ಎತ್ತರಿಸಿದೆ. ಪಶ್ಚಿಮದ ಗೋಡೆಗೆ ಕಿಟಕಿ ಇಡಲಿಲ್ಲ, ಗಾಳಿಗೆ ಓರೆಯಾಗಿ ಹೊಡೆಯುವ ನಮ್ಮ ಇರಿಚಲು ಮಳೆ ಬರುವುದೇ ಆ ಕಡೆಯಿಂದ. ಸೂರನ್ನು ಮೂರು ಅಡಿ ಹೊರಗೆ ಚಾಚಿದೆ. ಸೂರು ಗಿಡ್ಡವಾದರೆ ನೀರು ಗೋಡೆಯ ಬುಡಕ್ಕೇ ಚಿಮ್ಮುತ್ತದೆ, ಜಂಬಿಟ್ಟಿಗೆ ಅದನ್ನು ಹೀರಿಕೊಂಡು ಒಳಗೆಲ್ಲ ತಂಡಿ.

ಹೆಂಚಿಗೆ ಹೊಸದಾಗಿ ಖರ್ಚು ಮಾಡಲಿಲ್ಲ. ಹಳೆ ಗುಡಿಸಲಿನ ಹತ್ತಿರ ಒಟ್ಟಿದ್ದ ಮಂಗಳೂರು ಹೆಂಚನ್ನೇ ತೊಳೆದೆವು. ಅಜ್ಜಿ ಅಂಗಳದಲ್ಲಿ ಕೂತು ಒಂದೊಂದನ್ನೂ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು. ಟಣ್ ಅಂದರೆ ಬಲಗಡೆಗೆ. ಮಂಕು ಸದ್ದು ಬಂದರೆ ಒಳಗೆ ಸೀಳಿದೆ ಅಂತ, ಎಡಗಡೆಗೆ. ಎರಡು ದಿನ ಯಾರಿಗೂ ಆ ಕೆಲಸ ಬಿಟ್ಟುಕೊಡಲಿಲ್ಲ.

ಹೆಂಚು ಹೊರುವ ಮರದ ರೀಪು, ಪಕಾಸು ಏಪ್ರಿಲ್‌ನಲ್ಲಿ ಕೂತವು. ಮೇ ಮೂರನೇ ವಾರ ಕೊನೆಯ ಸಾಲು ಹೆಂಚು ಹೊದಿಸಿದೆವು. ಒಳಗಿನ ಗಿಲಾವು, ನೆಲ ಎಲ್ಲ ಉಳಿದಿತ್ತು. ಅದನ್ನು ಹೊರಗೆ ಮಳೆ ಹುಯ್ಯುತ್ತಿರುವಾಗ ನಿಧಾನಕ್ಕೆ ಮಾಡಿದೆವು. ಅಜ್ಜಿ ಒಲೆ ಹೂಡಿ ನಮಗೆ ಕಾಫಿ ಕಾಯಿಸುತ್ತಿದ್ದರು.