ಸಿಗಡಿ ಸಿಪ್ಪೆಯಿಂದ ತಾಮ್ರ ಹಿಡಿಯುವ ಮಣಿಗಳು

ಕಾರವಾರದ ಮೀನು ಮಾರುಕಟ್ಟೆಯಲ್ಲಿ ಸಿಗಡಿ ಸುಲಿದು ಎಸೆಯುವ ಸಿಪ್ಪೆಯಲ್ಲಿ ಕೈಟಿನ್ ಎಂಬ ಪಾಲಿಮರ್ (ಉದ್ದ ಸರಪಳಿಯಂತಹ ಅಣುಗಳ ವಸ್ತು) ಇದೆ. ಅದನ್ನು ಕೈಟೊಸಾನ್ ಆಗಿ ಬದಲಿಸಿದರೆ ನೀರಿನಲ್ಲಿ ಕರಗಿದ ತಾಮ್ರ, ಸೀಸದಂತಹ ಲೋಹಗಳನ್ನು ಹಿಡಿಯುತ್ತದೆ. ರಸಾಯನಶಾಸ್ತ್ರ ಕಲಿಸುವ ನಾನು ಇದನ್ನು ವಿದ್ಯಾರ್ಥಿಗಳಿಂದ ಪ್ರಯೋಗಾಲಯದಲ್ಲೇ ಮಾಡಿಸುತ್ತೇನೆ. ಮನೆಯಲ್ಲಿ ಬೇಡ.

ಸಿಪ್ಪೆಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ. ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೊರೆ ನಿಲ್ಲುವವರೆಗೆ ಇಟ್ಟರೆ ಸುಣ್ಣ ಹೋಗುತ್ತದೆ; ಶೇ 4ರ ಕಾಸ್ಟಿಕ್ ಸೋಡಾದಲ್ಲಿ ಬಿಸಿ ಮಾಡಿದರೆ ಪ್ರೋಟೀನ್ ಹೋಗುತ್ತದೆ. ಉಳಿದ ಕೈಟಿನ್ ಅನ್ನು ಶೇ 50ರ ಕಾಸ್ಟಿಕ್ ಸೋಡಾದಲ್ಲಿ ಸುಮಾರು 100 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ನೀರು ತಟಸ್ಥವಾಗುವವರೆಗೆ ತೊಳೆಯಿರಿ. ಕನ್ನಡಕ, ಕೈಗವಸು ಕಡ್ಡಾಯ. ಅಲ್ಯೂಮಿನಿಯಂ ಪಾತ್ರೆ ಬಳಸಲೇಬಾರದು. ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಹೊರಡಿಸುತ್ತದೆ.

2 ಗ್ರಾಂ ಕೈಟೊಸಾನ್ ಅನ್ನು ಶೇ 2ರ ಅಸಿಟಿಕ್ ಆಮ್ಲದ 100 ಮಿ.ಲೀ.ನಲ್ಲಿ ಕರಗಿಸಿ, ಗುಳ್ಳೆ ಅಡಗುವವರೆಗೆ ರಾತ್ರಿಯಿಡೀ ಬಿಡಿ. ಸಿರಿಂಜಿನಿಂದ ಶೇ 4ರ ಕಾಸ್ಟಿಕ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟರೆ ಬಿಳಿ ಮಣಿಗಳಾಗುತ್ತವೆ. ಅವನ್ನೂ ಚೆನ್ನಾಗಿ ತೊಳೆಯಬೇಕು. ಏಕೆಂಬುದು ಮುಂದೆ ತಿಳಿಯುತ್ತದೆ.

ಪರೀಕ್ಷೆಗೆ ಮೈಲುತುತ್ತ (ತಾಮ್ರದ ಸಲ್ಫೇಟ್) ಸಾಕು. ಶಿರಸಿಯ ಅಡಿಕೆ ಬೆಳೆಗಾರರು ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತರುವುದೂ ಅದನ್ನೇ. ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 1 ಗ್ರಾಂ ಹಾಕಿದರೆ ಸುಮಾರು 250 ಮಿ.ಗ್ರಾಂ ತಾಮ್ರ ಸೇರುತ್ತದೆ. ಮಣಿ ಹಾಕಿ ಕಲಕುತ್ತಿದ್ದರೆ ಮಣಿಗಳೇ ನೀಲಿಗಟ್ಟುತ್ತವೆ. ಈ ಬಣ್ಣ ಕಂಡ ವಿದ್ಯಾರ್ಥಿಗಳ ಉತ್ಸಾಹ ನನಗೆ ಬಹಳ ಪ್ರಿಯ, ಆದರೆ ಅಲ್ಲಿಗೇ ನಿಲ್ಲಲು ನಾನು ಬಿಡುವುದಿಲ್ಲ.

ಎಲ್ಲವೂ ಪಿಎಚ್ ಮೇಲೆ, ಅಂದರೆ ನೀರು ಎಷ್ಟು ಹುಳಿ ಅಥವಾ ಎಷ್ಟು ಕ್ಷಾರ ಎಂಬ ಅಳತೆಯ ಮೇಲೆ, ನಿಂತಿದೆ. ಲೋಹವನ್ನು ಹಿಡಿಯುವುದು ಕೈಟೊಸಾನಿನ ಅಣುವಿನಲ್ಲಿರುವ, ಸಾರಜನಕವುಳ್ಳ ಅಮೈನ್ ಗುಂಪು. ನೀರು ಹುಳಿಯಾದರೆ ಆ ಗುಂಪು ಹೈಡ್ರೋಜನ್ ಅಯಾನು (ವಿದ್ಯುದಾವೇಶವುಳ್ಳ ಕಣ) ಪಡೆದು ಧನಾವೇಶ ಹೊಂದಿ, ತಾಮ್ರದ ಅಯಾನನ್ನು ದೂರ ತಳ್ಳುತ್ತದೆ. ಹುಳಿ ಇನ್ನೂ ಹೆಚ್ಚಿದರೆ ಮಣಿಯೇ ಕರಗುತ್ತದೆ. ಕ್ಷಾರ ಹೆಚ್ಚಾದರೆ ತಾಮ್ರ ತಾನಾಗಿಯೇ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ, ನಾವು ಮಣಿಯ ಕೆಲಸವೆಂದು ನಂಬುತ್ತೇವೆ. ಮಣಿಯಲ್ಲಿ ಕಾಸ್ಟಿಕ್ ಉಳಿದಿದ್ದರೂ ಹೀಗೆಯೇ ಆಗುತ್ತದೆ. ಆದ್ದರಿಂದ ಪಿಎಚ್ ಅನ್ನು 5ರ ಆಸುಪಾಸಿನಲ್ಲಿಡಿ, ಕಲಕುವಾಗಲೂ ನಡುನಡುವೆ ಅಳೆಯಿರಿ, ಮಣಿ ಹಾಕದ ಇನ್ನೊಂದು ಲೋಟವನ್ನು ಹೋಲಿಕೆಗೆ ಪಕ್ಕದಲ್ಲೇ ಇಡಿ. ಕೊನೆಗೆ ಎರಡನ್ನೂ ಸೋಸಿ, ಅಮೋನಿಯಾ ಹಾಕಿ. ತಾಮ್ರ ಉಳಿದಿದ್ದರೆ ಗಾಢ ನೀಲಿ ಬರುತ್ತದೆ.

ನೀಲಿ ಬಾರದಿದ್ದರೂ ಆ ನೀರನ್ನು ಕುಡಿಯಬೇಡಿ. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.01 ಮಿ.ಗ್ರಾಂ, ಅಷ್ಟು ಅಲ್ಪ ಪ್ರಮಾಣವನ್ನು ತಿಳಿಯಲು ಪ್ರಯೋಗಾಲಯದ ಉಪಕರಣವೇ ಬೇಕು.

ಬಳಸಿದ ಮಣಿಗಳನ್ನು ಇಡಿಟಿಎ (ಲೋಹವನ್ನು ಬಿಗಿಯಾಗಿ ಹಿಡಿಯುವ ರಾಸಾಯನಿಕ) ದ್ರಾವಣದಲ್ಲಿ ನೆನೆಸಿದರೆ ತಾಮ್ರ ಬಿಟ್ಟುಕೊಡುತ್ತವೆ. ತೊಳೆದು ಮತ್ತೆ ಬಳಸಬಹುದು. ಆ ತಾಮ್ರದ ದ್ರಾವಣವನ್ನು ಮಾತ್ರ ಚರಂಡಿಗೆ ಸುರಿಯದೆ, ಹೆಸರು ಬರೆದ ಬಾಟಲಿಯಲ್ಲಿ ತುಂಬಿ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಇಡಿ.