ಲೀಡರ್ ಪ್ಲೇಟ್ ಬದಲಾಯಿಸಿದ್ರಾ ಇಲ್ವಾ ಅಂತ ನೀವೇ ಚೆಕ್ ಮಾಡೋದು ಹೇಗೆ

ಎಲೆಕ್ಷನ್ ಬಂತು ಅಂದ್ರೆ ವಾಟ್ಸಾಪ್ ತುಂಬಾ "ಅವತ್ತು ಹಂಗೆ, ಇವತ್ತು ಹಿಂಗೆ" ಅಂತ ಎರಡು ಫೋಟೋ ಅಂಟಿಸಿರೋ ಪೋಸ್ಟ್‌ಗಳೇ. ಕೆಲವು ನಿಜ, ಕೆಲವು ಮಾತು ಅರ್ಧಕ್ಕೆ ಕಟ್ ಮಾಡಿರೋದು. ಫಾರ್ವರ್ಡ್ ಮಾಡೋ ಮುಂಚೆ ಇಷ್ಟು ನೋಡ್ಕೊಳ್ಳಿ.

ಮೊದಲು ಪ್ರಣಾಳಿಕೆ ಹಿಡ್ಕೊಳ್ಳಿ, ಭಾಷಣ ಆಮೇಲೆ. ಭಾಷಣದ ಮಾತನ್ನ ಮರುದಿನವೇ "ತಿರುಚಿದ್ದಾರೆ" ಅಂದ್ಬಿಡ್ತಾರೆ, ಪ್ರಿಂಟ್ ಆಗಿರೋದಕ್ಕೆ ಹಂಗನ್ನೋಕಾಗಲ್ಲ. ಕಾಂಗ್ರೆಸ್‌ನ 2019ರ ಲೋಕಸಭೆ ಪ್ರಣಾಳಿಕೆ ಪಿಡಿಎಫ್ ತೆಗೀರಿ, ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ) ಅನ್ನೋದರ ಪೂರ್ತಿ ಇಂಗ್ಲಿಷ್ ಹೆಸರು "Agricultural Produce Market" ಅಂತ ಸರ್ಚ್ ಹೊಡೀರಿ. ಎಪಿಎಂಸಿ ಕಾಯ್ದೆ ರದ್ದು ಮಾಡ್ತೀವಿ, ಕೃಷಿ ಉತ್ಪನ್ನ ವ್ಯಾಪಾರಕ್ಕಿರೋ ನಿರ್ಬಂಧ ಎಲ್ಲಾ ತೆಗೀತೀವಿ ಅಂತ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಎಪಿಎಂಸಿ ಮಂಡಿ ಹೊರಗಡೆ ವ್ಯಾಪಾರಕ್ಕೆ ಕಾನೂನು ತಂದಾಗ ಇದೇ ಪಕ್ಷ ಬೀದಿಗಿಳೀತು. ಸಿಕ್ಕಿಬಿದ್ರು ಅಂತ ಖುಷಿಯಾಗಿ ಸ್ಕ್ರೀನ್‌ಶಾಟ್ ತಗೋಬೇಡಿ ಇನ್ನೂ, ಆಚೀಚೆ ಇರೋ ಪಾಯಿಂಟೂ ಓದಿ, ದೊಡ್ಡ ಹಳ್ಳಿ ಸಣ್ಣ ಪಟ್ಟಣಗಳಲ್ಲಿ ರೈತರ ಮಾರುಕಟ್ಟೆ ಮಾಡ್ತೀವಿ ಅಂತಾನೂ ಬರೆದಿದ್ದಾರೆ, ಅವರ ಸಮರ್ಥನೆಯೂ ಅದೇ ಆಗಿತ್ತು. ನಂಗಂತೂ ಅದು ಅರೆಬರೆ ಉತ್ತರ ಅನ್ಸುತ್ತೆ, ಆದ್ರೆ ಪೂರ್ತಿ ಓದಿ ಬೈದ್ರೆ ಎದುರಿನವರ ಬಾಯಿ ಮುಚ್ಚುತ್ತೆ.

ಆಮೇಲೆ ತಾರೀಖು ನೋಡಿ. ಜುಲೈ 2022ರಲ್ಲಿ ಉತ್ತರ ಪ್ರದೇಶದ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಲ್ಲಿ ಮೋದಿಯವರು "ರೇವಡಿ" (ಎಳ್ಳಿನ ಮಿಠಾಯಿ, ಅಂದ್ರೆ ಬಿಟ್ಟಿ ಕೊಡುಗೆ) ಹಂಚಿ ಓಟು ಕೇಳೋ ಪದ್ಧತಿ ದೇಶಕ್ಕೆ ಅಪಾಯ ಅಂದ್ರು. ಮೇ 2023ರಲ್ಲಿ ಇಲ್ಲಿ ಕರ್ನಾಟಕದಲ್ಲಿ ಓಟಿಗೆ ಹತ್ತು ದಿನವೂ ಇಲ್ಲ ಅನ್ನೋವಾಗ ಬಂದ ರಾಜ್ಯ ಬಿಜೆಪಿ ಪ್ರಣಾಳಿಕೆಯಲ್ಲಿ ಬಿಪಿಎಲ್ ಮನೆಗೆ ದಿನಾ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಸಿಲಿಂಡರ್ ಫ್ರೀ. ಹಾಲಿನ ಸ್ಕೀಮ್ ಹೆಸರು "ಪೋಷಣೆ", ಬೇರೆಯವರು ಕೊಟ್ರೆ ಬಿಟ್ಟಿ ಭಾಗ್ಯ ಬಿಡಿ.

ಜನ ಮರೆಯೋದು ಒಂದಿದೆ, ಎಲ್ಲಿ ನಿಂತು ಹೇಳಿದ್ರು ಅನ್ನೋದು. ಕಾವೇರಿಗೆ ಡ್ಯಾಮ್ ಕಟ್ಟೋ ಮೇಕೆದಾಟು ಯೋಜನೆ ತಗೊಳ್ಳಿ. ಆಗಸ್ಟ್ 2021ರಲ್ಲಿ ಆಗಿನ ಬಿಜೆಪಿ ಸಿಎಂ ಬೊಮ್ಮಾಯಿ ಕಟ್ಟೇ ಕಟ್ತೀವಿ ಅಂತಿದ್ರೆ ಅದೇ ಪಕ್ಷದ ಆಗಿನ ತಮಿಳುನಾಡು ಅಧ್ಯಕ್ಷ ಅಣ್ಣಾಮಲೈ ತಂಜಾವೂರಲ್ಲಿ ಕಟ್ಟಬಾರ್ದು ಅಂತ ಉಪವಾಸ ಕೂತಿದ್ರು. ಜನವರಿ 2022ರಲ್ಲಿ ಕಾಂಗ್ರೆಸ್ ಇಲ್ಲಿ ಡ್ಯಾಮ್ ಬೇಕು ಅಂತ ಪಾದಯಾತ್ರೆ ಮಾಡ್ತು, ತಮಿಳುನಾಡು ಕಾಂಗ್ರೆಸ್ ಬೇಡ ಅನ್ನುತ್ತೆ. ಇಲ್ಲಿ ಪ್ಲೇಟ್ ಬದಲಾಗೋದೇ ಇಲ್ಲ, ಎರಡೂ ಒಟ್ಟಿಗೆ ಓಡ್ತಿರುತ್ತೆ. ಹಾಗಾಗಿ ಪಕ್ಕದ ರಾಜ್ಯದ ಪೇಪರೂ ನೋಡಿ.

ಸರ್ಕಾರದಲ್ಲಿರೋರಾದ್ರೆ ಸಂಸತ್ತಿನ ವೆಬ್‌ಸೈಟಲ್ಲಿ ಪ್ರಶ್ನೋತ್ತರ ಹುಡುಕಿ. ಎಸ್‌ಸಿ ಎಸ್‌ಟಿ ಬಿಟ್ಟು ಬೇರೆ ಜಾತಿ ಎಣಿಸಲ್ಲ ಅಂತ ಕೇಂದ್ರ ಜುಲೈ 2021ರಲ್ಲಿ ಲೋಕಸಭೆಗೆ ಬರೆದುಕೊಟ್ಟಿದೆ, ಏಪ್ರಿಲ್ 30, 2025ಕ್ಕೆ ಜಾತಿಗಣತಿಗೆ ಕ್ಯಾಬಿನೆಟ್ ಒಪ್ಪಿಗೆ, ಅದೇ ವರ್ಷ ಬಿಹಾರ ಎಲೆಕ್ಷನ್.

ನಿಲುವು ಬದಲಾಯಿಸಿದ್ದೇ ತಪ್ಪು ಅಂತ ನಾನಂತೂ ಹೇಳಲ್ಲ. ಯಾಕೆ ಬದಲಾಯಿಸಿದೆ ಅಂತ ಬಾಯ್ಬಿಟ್ಟು ಹೇಳಿದ್ರಾ, ಇಲ್ಲ ಮೊದಲಿಂದ ಇದನ್ನೇ ಹೇಳ್ತಿದ್ದೆ ಅಂತ ನಾಟಕ ಆಡಿದ್ರಾ, ಅದನ್ನ ನೋಡಿ. ನಿಮ್ಮ ಮೆಚ್ಚಿನ ಪಕ್ಷದ್ದನ್ನ ಮೊದಲು ಚೆಕ್ ಮಾಡಿ.

ಪ್ರಣಾಳಿಕೆ ಪಿಡಿಎಫ್ ಬಿಡುಗಡೆ ದಿನವೇ ಇಳಿಸಿ, ಫೈಲ್ ಹೆಸರಲ್ಲಿ ವರ್ಷ ಹಾಕಿಟ್ಕೊಳ್ಳಿ. ಹಳೇದು ಪಕ್ಷದ ಸೈಟಲ್ಲಿ ಸಿಗ್ಲಿಲ್ಲ ಅಂದ್ರೆ ಆ ಲಿಂಕನ್ನ ಹಳೇ ವೆಬ್ ಪುಟ ಉಳಿಸಿಡೋ ವೇಬ್ಯಾಕ್ ಮೆಷಿನ್ ಸೈಟ್‌ಗೆ ಹಾಕಿ ನೋಡಿ.